ಗೆದ್ದವರೇ, ಈ ಮೊದಲ ವಾರ ನಿಮ್ಮ ಕೈಯಲ್ಲಿದೆ

ಚುನಾವಣೆಯ ಫಲಿತಾಂಶ ಬಂದ ಮರುದಿನ ಸೋತವರಿಗೆ ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ಜನಾದೇಶವನ್ನು ಒಪ್ಪಿಕೊಳ್ಳಿ, ಆತ್ಮಾವಲೋಕನ ಮಾಡಿಕೊಳ್ಳಿ, ಅತ್ತಿದ್ದು ಸಾಕು ಎನ್ನುತ್ತಾರೆ. ಇವು ತಪ್ಪು ಮಾತುಗಳೇನೂ ಅಲ್ಲ. ಆದರೆ ಅದೇ ದಿನ ಗೆದ್ದವರಿಗೆ ಯಾರೂ ಏನನ್ನೂ ಹೇಳುವುದಿಲ್ಲ. ನಾಯಕರ ವಿಷಯ ಬಿಡಿ, ಅವರಿಗೆ ಸಲಹೆ ಕೊಡಲು ಪತ್ರಿಕೆಗಳ ಸಂಪಾದಕೀಯಗಳಿವೆ. ನಾನು ಹೇಳುತ್ತಿರುವುದು ನನ್ನಂತೆ, ನಿಮ್ಮಂತೆ ಸಾಲಿನಲ್ಲಿ ನಿಂತು ಮತ ಹಾಕಿ, ನಮ್ಮವರು ಗೆದ್ದರು ಎಂದು ಹಿಗ್ಗುವ ಸಾಮಾನ್ಯ ಮತದಾರರ ಬಗ್ಗೆ. ದೇಶ ಎರಡು ಹೋಳಾಗಿ ಮತ ಹಾಕಿದ ಮೇಲೆ ಆ ಎರಡು ಹೋಳುಗಳು ಮುಂದೆ ಪರಸ್ಪರ ಮುಖ ಕೊಟ್ಟು ಮಾತನಾಡುತ್ತವೆಯೇ ಎಂಬುದು ಬಹುಮಟ್ಟಿಗೆ ಗೆದ್ದ ಮತದಾರರ ಮೊದಲ ಕೆಲವು ದಿನಗಳ ನಡವಳಿಕೆಯ ಮೇಲೆ ನಿಂತಿದೆ ಎಂದು ನಾನು ನಂಬಿದ್ದೇನೆ. ಗೆದ್ದ ಪಕ್ಷಕ್ಕೂ ಮತ ಹಾಕಿದ್ದೇನೆ, ಸೋತ ಪಕ್ಷಕ್ಕೂ ಮತ ಹಾಕಿದ್ದೇನೆ. ಎರಡೂ ಸಂಜೆಗಳ ಅನುಭವ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಸೋತ ಸಂಜೆ ಹೇಗಿರುತ್ತದೆ ಎಂಬುದನ್ನು ಗೆದ್ದವರು ಬೇಗ ಮರೆಯುತ್ತಾರೆ. ಮೆಚ್ಚಿನ ಅಭ್ಯರ್ಥಿ ಸೋತನೆಂಬ ಬೇಸರ ಅದರಲ್ಲಿ ಸಣ್ಣ ಪಾಲು. ದೊಡ್ಡ ಪಾಲು ಬೇರೆಯೇ ಇದೆ. ನಿನ್ನೆಯವರೆಗೆ ನನ್ನ ಸುತ್ತ ಇರುವವರೂ ನಾನೂ ಹೆಚ್ಚು ಕಡಿಮೆ ಒಂದೇ ಲೋಕದಲ್ಲಿದ್ದೇವೆ ಎಂದುಕೊಂಡಿದ್ದವರಿಗೆ ಹಾಗಿಲ್ಲ ಎಂದು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಕಚೇರಿಯಲ್ಲಿ ಪಕ್ಕದ ಮೇಜಿನಲ್ಲಿ ಕೂರುವವರು, ಮಕ್ಕಳನ್ನು ಶಾಲೆಗೆ ಬಿಡುವಾಗ ನಗುವವರು, ಹಬ್ಬಕ್ಕೆ ಬರುವ ನೆಂಟರು, ಇವರಲ್ಲಿ ಯಾರು ಯಾರು ಅತ್ತ ಮತ ಹಾಕಿದರು ಎಂದು ಮನಸ್ಸು ಲೆಕ್ಕ ಹಾಕಲು ತೊಡಗುತ್ತದೆ. ಆ ಲೆಕ್ಕ ಬೇಡವೆಂದರೂ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಸೋಲಿನ ನಿಜವಾದ ನೋವು ಅದೇ.

ಇದು ಕೇವಲ ನನ್ನ ಸೂಕ್ಷ್ಮತೆಯಲ್ಲ. ಅಮೆರಿಕದಲ್ಲಿ 2012ರ ಅಧ್ಯಕ್ಷೀಯ ಚುನಾವಣೆಯ ಹಿಂದುಮುಂದಿನ ದಿನಗಳಲ್ಲಿ ಜನರ ಮನಃಸ್ಥಿತಿಯನ್ನು ಅಳೆದ ಸಂಶೋಧಕರಿಗೆ ಅಚ್ಚರಿಯೊಂದು ಕಾದಿತ್ತು. ಗೆದ್ದ ಪಕ್ಷದ ಬೆಂಬಲಿಗರ ಸಂತೋಷ ಹೇಳಿಕೊಳ್ಳುವಷ್ಟೇನೂ ಏರಲಿಲ್ಲ. ಸೋತ ಪಕ್ಷದ ಬೆಂಬಲಿಗರ ನೆಮ್ಮದಿ ಮಾತ್ರ ಪಾತಾಳಕ್ಕಿಳಿಯಿತು. ಆ ಕುಸಿತ, ಅದೇ ವರ್ಷದ ಕೊನೆಯಲ್ಲಿ ನ್ಯೂಟೌನ್‌ನ ಶಾಲೆಯಲ್ಲಿ ನಡೆದ ಗುಂಡಿನ ದಾಳಿಯ ಸುದ್ದಿ ಕೇಳಿದ ಅಮೆರಿಕದ ತಂದೆತಾಯಿಯರಲ್ಲಿ ಕಂಡ ಕುಸಿತದ ಸುಮಾರು ಎರಡರಷ್ಟಿತ್ತು. ಮಕ್ಕಳ ಸಾವಿಗಿಂತ ಚುನಾವಣೆ ದೊಡ್ಡದು ಎಂದು ಇದರರ್ಥವಲ್ಲ. ಹಾಗೆ ಓದಿಕೊಂಡರೆ ಅದು ಅನ್ಯಾಯ. ಸೋಲು ಮನುಷ್ಯನ ಸ್ವಂತ ಗುರುತಿಗೆ ತಾಗುತ್ತದೆ ಎಂದಷ್ಟೇ ನಾನು ಅದರಿಂದ ತಿಳಿದುಕೊಂಡೆ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ: ಆ ದುಃಖ ಸುಮಾರು ಒಂದು ವಾರದಲ್ಲಿ ಇಳಿಯಿತು. ನಾನು ಮೊದಲ ವಾರದ ಬಗ್ಗೆ ಇಷ್ಟು ಒತ್ತಿ ಹೇಳುತ್ತಿರುವುದಕ್ಕೆ ಇದೂ ಒಂದು ಕಾರಣ. ದುಃಖ ತಾನಾಗಿಯೇ ಇಳಿಯುತ್ತದೆ, ಆದರೆ ಆ ವಾರದಲ್ಲಿ ಆದ ಅವಮಾನ ಹಾಗೆ ಇಳಿಯುವುದಿಲ್ಲ. ಯಾರು ಏನು ಹೇಳಿದರು ಎಂಬುದು ಅಕ್ಷರ ಬಿಡದೆ ನೆನಪಿರುತ್ತದೆ.

ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಮ್ಮೆ ಹೀಗಾಯಿತು. ಎಣಿಕೆ ಮುಗಿಯುವ ಮೊದಲೇ ಗೆದ್ದ ಕಡೆಯ ಹುಡುಗರಿಬ್ಬರು ಸೋತ ನಾಯಕರ ಅಳುವ ಮುಖದ ಚಿತ್ರಗಳನ್ನು ಒಂದರ ಮೇಲೊಂದು ಹಾಕತೊಡಗಿದರು. ಸಣ್ಣ ವಯಸ್ಸು, ಉತ್ಸಾಹ, ಇರಲಿ ಎಂದು ಹಿರಿಯರು ಸುಮ್ಮನಿದ್ದರು. ಬಳಿಕ ಒಬ್ಬ ಹಿರಿಯರೇ, ಮನೆಯವರೆಲ್ಲ ಗೌರವದಿಂದ ಕಾಣುವವರು, 'ಈಗಲಾದರೂ ದೇಶದ್ರೋಹಿಗಳ ಬಾಯಿ ಮುಚ್ಚಿತು' ಎಂದು ಬರೆದರು. ಗುಂಪಿನಲ್ಲಿದ್ದವರಲ್ಲಿ ಮೂರನೇ ಒಂದು ಪಾಲು ಜನ ಸೋತ ಕಡೆಗೆ ಮತ ಹಾಕಿದವರು ಎಂಬುದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ನಮ್ಮ ಅತ್ತೆಯೊಬ್ಬರು, ರಾಜಕೀಯದ ಬಗ್ಗೆ ಎಂದೂ ಒಂದು ಸಾಲು ಬರೆಯದವರು, ಮಾತಿಲ್ಲದೆ ಗುಂಪಿನಿಂದ ಹೊರಹೋದರು. ಅವರಿಗೆ ಆ ಪಕ್ಷದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ತಾನು ಕೈಯಾರೆ ಬಡಿಸಿ ಬೆಳೆಸಿದ ಮನೆಯ ಜನ ತನ್ನನ್ನು ದ್ರೋಹಿ ಎಂದು ಕರೆದದ್ದು ಅವರಿಗೆ ತಾಗಿತ್ತು. ನಾನು ಆ ಹಿರಿಯರಿಗೆ ಫೋನ್ ಮಾಡಿ, 'ದೊಡ್ಡಪ್ಪ, ನೀವು ಯಾರಿಗೆ ಹೇಳಿದಿರಿ ಗೊತ್ತೇ?' ಎಂದು ಕೇಳಿದೆ. 'ಅಯ್ಯೋ, ನಾನು ಮನೆಯವರಿಗೆ ಹೇಳಿದ್ದಲ್ಲಮ್ಮ, ಆ ಪಕ್ಷದವರಿಗೆ ಹೇಳಿದ್ದು' ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಆ ಪಕ್ಷದವರು ಎಂದರೆ ಮನೆಯವರೂ ಹೌದು ಎಂಬುದು ಅವರಿಗೆ ನಿಜವಾಗಿಯೂ ಹೊಳೆದಿರಲಿಲ್ಲ.

ಗೆದ್ದವರ ಮಾತಿನಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಸಾಲು 'ಇಡೀ ದೇಶ ತೀರ್ಪು ಕೊಟ್ಟಿದೆ' ಎಂಬುದು. ಇಡೀ ದೇಶ ಎಂದೂ ಒಂದು ತೀರ್ಪು ಕೊಡುವುದಿಲ್ಲ. ಬ್ರಿಟನ್ನಿನಲ್ಲಿ 2024ರ ಜುಲೈನಲ್ಲಿ ಲೇಬರ್ ಪಕ್ಷ 650 ಸ್ಥಾನಗಳಲ್ಲಿ 411ನ್ನು ಗೆದ್ದಿತು. ಅದನ್ನು ಎಲ್ಲರೂ ಭರ್ಜರಿ ಗೆಲುವು ಎಂದರು. ಆ ಪಕ್ಷಕ್ಕೆ ಬಂದ ಮತ ಶೇಕಡಾ 33.7. ಮತಗಟ್ಟೆಗೇ ಹೋಗದವರನ್ನೂ ಲೆಕ್ಕಕ್ಕೆ ಹಿಡಿದರೆ, ನೋಂದಾಯಿತ ಮತದಾರರಲ್ಲಿ ಐವರಿಗೆ ಒಬ್ಬರು ಮಾತ್ರ ಅದನ್ನು ಆರಿಸಿದ್ದರು. ಭಾರತದಲ್ಲಿ 2014ರಲ್ಲಿ ಬಿಜೆಪಿ ಸುಮಾರು ಶೇಕಡಾ 31ರಷ್ಟು ಮತ ಪಡೆದು ಲೋಕಸಭೆಯಲ್ಲಿ 282 ಸ್ಥಾನ ಗಳಿಸಿತು. 2024ರಲ್ಲಿ ಅದಕ್ಕಿಂತ ಹೆಚ್ಚು, ಸುಮಾರು ಶೇಕಡಾ 36.6ರಷ್ಟು ಮತ ಪಡೆದೂ 240ಕ್ಕೆ ನಿಂತಿತು. ಅಮೆರಿಕದಲ್ಲಿ 2016ರಲ್ಲಿ ಹಿಲರಿ ಕ್ಲಿಂಟನ್ ಅವರಿಗೆ ಡೊನಾಲ್ಡ್ ಟ್ರಂಪ್ ಅವರಿಗಿಂತ ಸುಮಾರು 29 ಲಕ್ಷ ಹೆಚ್ಚು ಮತ ಬಂದರೂ ಅಧ್ಯಕ್ಷರಾದದ್ದು ಟ್ರಂಪ್. ಈ ಫಲಿತಾಂಶಗಳು ಯಾವುವೂ ಮೋಸವಲ್ಲ. ನಿಯಮ ಮೊದಲೇ ಗೊತ್ತಿತ್ತು, ಆ ನಿಯಮದಂತೆ ಗೆದ್ದವರು ಗೆದ್ದರು, ಆಳುವ ಹಕ್ಕು ಅವರದೇ. ಆದರೆ ಆಳುವ ಹಕ್ಕು ಒಂದು, ಎಲ್ಲರ ಪರವಾಗಿ ಮಾತನಾಡುವ ಹಕ್ಕು ಇನ್ನೊಂದು. ಎರಡನೆಯದನ್ನು ಯಾವ ಚುನಾವಣೆಯೂ ಯಾರಿಗೂ ಕೊಡುವುದಿಲ್ಲ.

ಒಂದು ಮತದೊಳಗೆ ಏನೆಲ್ಲ ಇರುತ್ತದೆ ಎಂದು ಯೋಚಿಸಿದಾಗಲೆಲ್ಲ ನನಗೆ ಬೆರಗಾಗುತ್ತದೆ. ಒಬ್ಬರು ಬೆಲೆಯೇರಿಕೆಗೆ ರೋಸಿ ಹೋಗಿ ಮತ ಹಾಕುತ್ತಾರೆ. ಇನ್ನೊಬ್ಬರಿಗೆ ಸ್ಥಳೀಯ ಅಭ್ಯರ್ಥಿ ಆಸ್ಪತ್ರೆಯಲ್ಲಿ ಹಾಸಿಗೆ ಕೊಡಿಸಿದ ನೆನಪು. ಮತ್ತೊಬ್ಬರು ತಂದೆಯ ಕಾಲದಿಂದ ಬಂದ ಗುರುತಿಗೆ ಒತ್ತುತ್ತಾರೆ. ಎದುರಿನ ಅಭ್ಯರ್ಥಿಯ ಸೊಕ್ಕು ಸಹಿಸಲಾರದೆ ಈ ಕಡೆಗೆ ಹಾಕಿದವರೂ ಇರುತ್ತಾರೆ, ದ್ವೇಷದಿಂದ ಹಾಕಿದವರೂ ಇರುತ್ತಾರೆ, ಇಲ್ಲವೆನ್ನಲಾಗದು. ಯಂತ್ರದೊಳಗೆ ಹೋದ ಮೇಲೆ ಎಲ್ಲವೂ ಒಂದೇ ಎಣಿಕೆ. ಸಂಜೆ ಟಿವಿಯಲ್ಲಿ ಕುಳಿತವರು ಆ ಎಣಿಕೆಗೆ ಒಂದೇ ಅರ್ಥ ಕೊಟ್ಟು, ಜನ ಹೀಗೆ ಬಯಸಿದ್ದಾರೆ ಎನ್ನುತ್ತಾರೆ. ನಾವೂ ಅದನ್ನೇ ನಂಬಿ, ಪಕ್ಕದ ಮನೆಯವರ ಇಡೀ ಸ್ವಭಾವವನ್ನು ಒಂದು ಗುಂಡಿಯಿಂದ ಓದಲು ಹೊರಡುತ್ತೇವೆ.

ಸೋತ ಕಡೆಯವರಿಗೂ ಇಲ್ಲಿ ಒಂದು ಮಾತು ಹೇಳಬೇಕು. 'ಜನ ಮೂರ್ಖರು', 'ಹಣಕ್ಕೆ ಮಾರಿಕೊಂಡರು', 'ಅವರಿಗೆ ಇಂಥ ಸರ್ಕಾರವೇ ಸರಿ' ಎಂಬ ಮಾತುಗಳನ್ನು ಸೋತ ಸಂಜೆ ಎಷ್ಟೋ ವಿದ್ಯಾವಂತರ ಬಾಯಿಂದ ಕೇಳಿದ್ದೇನೆ. ನೋವಿನಲ್ಲಿ ಬಂದ ಮಾತು ಎಂದು ಅರ್ಥವಾಗುತ್ತದೆ. ಆದರೂ ಅದು ಸುಳ್ಳು, ಅಷ್ಟೇ ಅಲ್ಲ, ಕ್ರೂರ. ಗೆದ್ದಾಗ 'ಜನ ಜಾಣರು' ಎಂದು ಹೊಗಳಿದ್ದು ಇದೇ ಜನರನ್ನೇ.

ಆದರೆ ಗೆದ್ದವರು ಸೋತವರಿಗೆ ಕೊಡುವ ಉಪದೇಶಗಳಲ್ಲಿ ನನಗೆ ಅತ್ಯಂತ ಸಿಟ್ಟು ಬರಿಸುವುದು 'ಇದು ಬರೀ ರಾಜಕೀಯ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ' ಎಂಬ ಮಾತು. ಬರೀ ರಾಜಕೀಯ ಯಾರಿಗೆ? ಫಲಿತಾಂಶ ಯಾವ ಕಡೆ ವಾಲಿದರೂ ಬದುಕು ಬದಲಾಗದವರಿಗೆ. ವಲಸೆ ಬಂದು ಇನ್ನೂ ಪೌರತ್ವದ ಕಾಗದ ಕೈಗೆ ಸಿಗದ ಕುಟುಂಬಕ್ಕೆ ಅದು ಬರೀ ರಾಜಕೀಯವಲ್ಲ. ಪ್ರಚಾರದುದ್ದಕ್ಕೂ ತನ್ನ ಸಮುದಾಯವನ್ನೇ ಹಳಿಯುವ ಭಾಷಣ ಕೇಳಿದ ಅಲ್ಪಸಂಖ್ಯಾತರಿಗೆ, ಹೆರಿಗೆ ಮತ್ತು ಗರ್ಭಪಾತದ ಕಾನೂನು ಬದಲಾಗಬಹುದೆಂದು ಅಂಜುವ ಹೆಣ್ಣುಮಗಳಿಗೆ, ಸರ್ಕಾರದ ಸಹಾಯಧನದ ಮೇಲೆ ಔಷಧ ಕೊಳ್ಳುವ ಮುದುಕರಿಗೆ ಅದು ನಾಳಿನ ದಿನದ ಪ್ರಶ್ನೆ. ಇನ್ನೊಂದು ಕಡೆಯ ಭಯವನ್ನೂ ನಾನು ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಕಾರ್ಖಾನೆ ಮುಚ್ಚಿ, ಊರಿನ ಯುವಕರೆಲ್ಲ ಚದುರಿಹೋಗಿ, ನಮ್ಮನ್ನು ಕೇಳುವವರೇ ಇಲ್ಲ ಎಂದು ವರ್ಷಗಟ್ಟಲೆ ಕುದಿದವರು ಒಂದು ದಿನ ಎಲ್ಲವನ್ನೂ ಬುಡಮೇಲು ಮಾಡುತ್ತೇನೆ ಎನ್ನುವವನಿಗೆ ಮತ ಹಾಕಿದಾಗ, ಅವರ ಹಿಂದಿನ ಸೋಲುಗಳನ್ನು ಯಾರೂ ಕೇಳಿಸಿಕೊಂಡಿರಲಿಲ್ಲ ಎಂಬುದನ್ನು ನೆನೆಯಬೇಕು. ಬಹಳಷ್ಟು ಸಲ ಇಂದಿನ ಗೆದ್ದವರ ಅಬ್ಬರದೊಳಗೆ ನಿನ್ನೆ ತಮಗಾದ ಅವಮಾನ ಇರುತ್ತದೆ. ಅದಕ್ಕಾಗಿಯೇ ಈ ಸರಪಳಿಯನ್ನು ಕಡಿಯಬಲ್ಲವರು ಆ ಹೊತ್ತಿನ ಗೆದ್ದವರು ಮಾತ್ರ. ಸೋತವರ ಕೈಯಲ್ಲಿ ಕೊಡುವುದಕ್ಕೆ ಏನೂ ಇರುವುದಿಲ್ಲ.

ಸರಪಳಿ ಕಡಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವೇ ಕಣ್ಣ ಮುಂದಿದೆ. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವಾಗುತ್ತದೆಯೇ ಎಂದು 1960ರಲ್ಲಿ ಅಲ್ಲಿ ಕೇಳಿದಾಗ ಹೌದೆಂದವರು ಶೇಕಡಾ 5ರ ಆಸುಪಾಸು. 2010ರಲ್ಲಿ ಅಂಥದ್ದೇ ಪ್ರಶ್ನೆಗೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಾಟರಲ್ಲಿ ಮೂರನೇ ಒಂದರಷ್ಟು ಜನ ಹೌದೆಂದರು. 2016ರ ಚುನಾವಣೆ ಮುಗಿದ ಕೆಲವೇ ವಾರಗಳಲ್ಲಿ ಬಂದ ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ಜನ ಎಷ್ಟು ಹೊತ್ತು ಒಟ್ಟಿಗೆ ಕುಳಿತು ಉಂಡರು ಎಂಬುದನ್ನು ಮೊಬೈಲ್‌ಗಳ ಸ್ಥಳಮಾಹಿತಿಯಿಂದ ಸಂಶೋಧಕರು ಲೆಕ್ಕ ಹಾಕಿದರು. ಬೇರೆ ಬೇರೆ ಪಕ್ಷದ ಒಲವಿರುವ ಪ್ರದೇಶಗಳಿಂದ ಬಂದವರು ಸೇರಿದ ಮನೆಗಳಲ್ಲಿ ಊಟ 30ರಿಂದ 50 ನಿಮಿಷ ಮೊದಲೇ ಮುಗಿದಿತ್ತು. ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕೇ ಎಂದು 2016ರ ಜೂನ್ 23ರಂದು ನಡೆದ ಜನಮತದಲ್ಲಿ ಶೇಕಡಾ 51.9 ಮಂದಿ ಬಿಡೋಣವೆಂದರು, ಶೇಕಡಾ 48.1 ಮಂದಿ ಬೇಡವೆಂದರು. ಅಲ್ಲಿ ಕಿರಿಯರಲ್ಲಿ ಬಹುಪಾಲು ಒಂದು ಕಡೆ, ಹಿರಿಯರಲ್ಲಿ ಬಹುಪಾಲು ಇನ್ನೊಂದು ಕಡೆ. ಎಂದರೆ ಬಿರುಕು ಮೂಡಿದ್ದು ಪಕ್ಷಗಳ ನಡುವೆ ಮಾತ್ರವಲ್ಲ, ತಾಯಿ ಮಗಳ ನಡುವೆಯೂ ಮೂಡಿತು. ನನ್ನ ಭವಿಷ್ಯವನ್ನು ನೀವು ಕಿತ್ತುಕೊಂಡಿರಿ ಎಂದು ಹೆತ್ತವರಿಗೆ ಹೇಳಿದ ಮಕ್ಕಳ ನೋವನ್ನು, ಆ ಮಾತು ಕೇಳಿದ ಹೆತ್ತವರ ನೋವನ್ನು ನಾನು ಒಂದೇ ಸಮನಾಗಿ ಊಹಿಸಿಕೊಳ್ಳಬಲ್ಲೆ.

ಸೋಲನ್ನು ಒಪ್ಪಿಕೊಳ್ಳುವುದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಪ್ಪಿಕೊಳ್ಳುವುದೆಂದರೆ ಬಾಯಿ ಮುಚ್ಚಿಕೊಳ್ಳುವುದಲ್ಲ. ಆಫ್ರಿಕಾದ ಮಲಾವಿ ದೇಶದ ಕಥೆ ಇದಕ್ಕೆ ನನಗೆ ಅತ್ಯಂತ ಪ್ರಿಯವಾದ ಉದಾಹರಣೆ. 2019ರ ಮೇ ತಿಂಗಳಲ್ಲಿ ಅಲ್ಲಿ ನಡೆದ ಅಧ್ಯಕ್ಷೀಯ ಚುನಾವಣೆಯಲ್ಲಿ ಪೀಟರ್ ಮುತಾರಿಕಾ ಗೆದ್ದರೆಂದು ಘೋಷಿಸಲಾಯಿತು. ಫಲಿತಾಂಶದ ಹಾಳೆಗಳಲ್ಲಿ ಅಂಕಿಗಳ ಮೇಲೆ ಬಿಳಿ ದ್ರವ ಹಚ್ಚಿ ತಿದ್ದಿದ್ದು ಬಯಲಿಗೆ ಬಂತು. ಜನ ತಿಂಗಳುಗಟ್ಟಲೆ ಬೀದಿಯಲ್ಲಿ ನಿಂತರು, ಸೋತವರು ನ್ಯಾಯಾಲಯದಲ್ಲಿ ಸಾಕ್ಷ್ಯ ಮುಂದಿಟ್ಟರು. 2020ರ ಫೆಬ್ರವರಿಯಲ್ಲಿ ನ್ಯಾಯಾಲಯ ಆ ಚುನಾವಣೆಯನ್ನೇ ರದ್ದು ಮಾಡಿತು. ಜೂನ್‌ನಲ್ಲಿ ಮರುಚುನಾವಣೆ ನಡೆದು ಲಜಾರಸ್ ಚಕ್ವೇರಾ ಗೆದ್ದರು. 2025ರಲ್ಲಿ ಅದೇ ಚಕ್ವೇರಾ ಅದೇ ಮುತಾರಿಕಾ ಎದುರು ಸೋತರು, ಮತ್ತು ಸೋಲನ್ನು ಒಪ್ಪಿಕೊಂಡರು. ಅನುಮಾನಕ್ಕೆ ಸಾಕ್ಷ್ಯವಿದ್ದಾಗ ಹೋರಾಡಿದವರು, ಇಲ್ಲದಾಗ ಅಧಿಕಾರ ಬಿಟ್ಟುಕೊಟ್ಟರು. ಬಡ ದೇಶವೊಂದು ಇಷ್ಟನ್ನು ಮಾಡಿ ತೋರಿಸಿದೆ.

ಅದೇ ಹೊತ್ತಿಗೆ, ಬಹಳ ಶ್ರೀಮಂತವಾದ ದೇಶದಲ್ಲಿ ಏನಾಯಿತೆಂಬುದನ್ನು ಜಗತ್ತೇ ನೋಡಿತು. ಅಮೆರಿಕದಲ್ಲಿ 2020ರ ಚುನಾವಣೆಯ ವಿರುದ್ಧ ಹೂಡಿದ 60ಕ್ಕೂ ಹೆಚ್ಚು ದಾವೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಿದ್ದುಹೋದವು. ಆದರೂ 2021ರ ಜನವರಿ 6ರಂದು ಸೋತ ಟ್ರಂಪ್ ಅವರ ಬೆಂಬಲಿಗರ ಗುಂಪು ಸಂಸತ್ತಿಗೆ ನುಗ್ಗಿತು. ಬ್ರೆಜಿಲ್‌ನಲ್ಲಿ 2022ರ ಅಧ್ಯಕ್ಷೀಯ ಚುನಾವಣೆಯಲ್ಲಿ ಲೂಲಾ ಶೇಕಡಾ 50.9 ಮತ ಪಡೆದು ಗೆದ್ದರು, ಆಗ ಅಧ್ಯಕ್ಷರಾಗಿದ್ದ ಬೋಲ್ಸೊನಾರೊ ಶೇಕಡಾ 49.1 ಪಡೆದು ಸೋತರು. ಮರುವರ್ಷದ ಜನವರಿ 8ರಂದು ರಾಜಧಾನಿಯಲ್ಲಿ ಸಂಸತ್ತು, ಸರ್ವೋಚ್ಚ ನ್ಯಾಯಾಲಯ, ಅಧ್ಯಕ್ಷರ ಭವನ ಮೂರರ ಮೇಲೂ ಸೋತವರ ಬೆಂಬಲಿಗರಿಂದ ದಾಳಿ ನಡೆಯಿತು. ಕೀನ್ಯಾದ ಕಥೆ ಇನ್ನೂ ಘೋರ. 2007ರ ಡಿಸೆಂಬರ್‌ನ ಚುನಾವಣೆಯ ಫಲಿತಾಂಶವನ್ನು ವಿರೋಧ ಪಕ್ಷ ನಂಬಲಿಲ್ಲ, ನ್ಯಾಯಾಲಯವನ್ನೂ ನಂಬಲಿಲ್ಲ. ಬಳಿಕದ ವಾರಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಅನೇಕ ಕಡೆ ಕೊಂದವರೂ ಸತ್ತವರೂ ನೆರೆಹೊರೆಯವರು. ಹತ್ತು ವರ್ಷಗಳ ನಂತರ, 2017ರಲ್ಲಿ, ಅದೇ ದೇಶದ ಸುಪ್ರೀಂ ಕೋರ್ಟ್ ಅಧ್ಯಕ್ಷೀಯ ಚುನಾವಣೆಯೊಂದನ್ನು ರದ್ದು ಮಾಡುವ ಎದೆಗಾರಿಕೆ ತೋರಿಸಿತು. ಸೋತವನಿಗೆ ಹೋಗಲು ಒಂದು ಬಾಗಿಲು ಬೇಕು, ಅಲ್ಲಿ ಹೋದರೆ ನ್ಯಾಯ ಸಿಗಬಹುದೆಂಬ ನಂಬಿಕೆ ಬೇಕು. ಹಾಗಾಗಿ ಚುನಾವಣಾ ಆಯೋಗವನ್ನೋ ನ್ಯಾಯಾಲಯವನ್ನೋ ಸೋತವರು ಪ್ರಶ್ನಿಸಿದಾಗ ಗೆದ್ದ ಮತದಾರರು ಗೇಲಿ ಮಾಡುವುದನ್ನು ಕಂಡರೆ ನನಗೆ ಹೆದರಿಕೆಯಾಗುತ್ತದೆ. ಆ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಬೇಕೆಂದು ಎಲ್ಲರಿಗಿಂತ ಮೊದಲು ಒತ್ತಾಯಿಸಬೇಕಾದವರು ಗೆದ್ದವರು. ಗೆಲುವು ಶುದ್ಧವಾಗಿದ್ದರೆ ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ.

1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ಯುರೋಪಿನ 11 ದೇಶಗಳನ್ನು ಹೋಲಿಸಿ ನೋಡಿತ್ತು. ಗೆದ್ದವರಿಗೆ ಪ್ರಜಾಪ್ರಭುತ್ವದ ಬಗ್ಗೆ ತೃಪ್ತಿ ಹೆಚ್ಚು, ಸೋತವರಿಗೆ ಕಡಿಮೆ. ಇದು ಯಾರಿಗಾದರೂ ಹೊಳೆಯುವ ಸಂಗತಿ. ಆದರೆ ಅಧಿಕಾರವನ್ನು ಹಂಚಿಕೊಂಡು ನಡೆಸುವ ವ್ಯವಸ್ಥೆ ಇರುವ ದೇಶಗಳಲ್ಲಿ ಆ ಅಂತರ ಕಿರಿದಾಗಿತ್ತು. ಸೋತ ಮೇಲೂ ತನಗೊಂದು ಜಾಗವಿದೆ ಎಂದು ಗೊತ್ತಿದ್ದರೆ ಮನುಷ್ಯ ಸೋಲನ್ನು ಹೊರಬಲ್ಲ. ವ್ಯವಸ್ಥೆಯನ್ನು ಬದಲಿಸುವುದು ನಿಮ್ಮ ನನ್ನ ಕೈಯಲ್ಲಿಲ್ಲ. ಮನೆಯಲ್ಲಿ, ಕಚೇರಿಯಲ್ಲಿ, ಗೆಳೆಯರ ನಡುವೆ ಆ ಜಾಗ ಕೊಡುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಗೆಲುವು ಎಷ್ಟು ಅಲ್ಪಾಯುಷಿ ಎಂಬುದನ್ನೂ ಯೋಚಿಸಿ. 1977ರಲ್ಲಿ ಇಂದಿರಾ ಗಾಂಧಿ ತಮ್ಮ ರಾಯ್‌ಬರೇಲಿ ಕ್ಷೇತ್ರದಲ್ಲೇ ಸೋತರು, ಇನ್ನು ಅವರ ಕಥೆ ಮುಗಿಯಿತು ಎಂದವರು ಅನೇಕರು. 1980ರ ಜನವರಿಯಲ್ಲಿ ಅವರೇ ಮತ್ತೆ ಪ್ರಧಾನಿ. ದಕ್ಷಿಣ ಕೊರಿಯಾದಲ್ಲಿ 2022ರಲ್ಲಿ ಯೂನ್ ಸುಕ್ ಯೋಲ್ ಅವರು ಲೀ ಜೇ ಮ್ಯುಂಗ್ ಅವರನ್ನು ಶೇಕಡಾ ಒಂದಕ್ಕೂ ಕಡಿಮೆ ಅಂತರದಲ್ಲಿ ಸೋಲಿಸಿದರು. 2024ರ ಡಿಸೆಂಬರ್‌ನಲ್ಲಿ ಯೂನ್ ಸೇನಾಡಳಿತ ಹೇರಲು ಹೊರಟು ಅಧಿಕಾರ ಕಳೆದುಕೊಂಡರು. 2025ರ ಜೂನ್‌ನಲ್ಲಿ ಲೀ ಅಧ್ಯಕ್ಷರಾದರು. ನಾಳೆ ನೀವು ಸೋತ ಕಡೆ ಕುಳಿತಾಗ ನಿಮ್ಮೊಡನೆ ಹೇಗೆ ನಡೆದುಕೊಳ್ಳಬೇಕೆಂದು ಬಯಸುತ್ತೀರೋ ಆ ಬಗೆಯನ್ನು ಇಂದು ನೀವೇ ಕಲಿಸಿಕೊಡುತ್ತಿದ್ದೀರಿ.

2008ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಬರಾಕ್ ಒಬಾಮ ಎದುರು ಸೋತ ರಾತ್ರಿ ಜಾನ್ ಮೆಕೇನ್ ಫೀನಿಕ್ಸ್ ನಗರದಲ್ಲಿ ತಮ್ಮ ಬೆಂಬಲಿಗರ ಮುಂದೆ ನಿಂತಿದ್ದರು. ಒಬಾಮ ಹೆಸರು ಹೇಳಿದೊಡನೆ ಗುಂಪು ಛೀಮಾರಿ ಹಾಕಿತು. ಅವರು ಕೈಯೆತ್ತಿ ಅದನ್ನು ತಡೆದರು, ಒಬಾಮ ನನಗೂ ಅಧ್ಯಕ್ಷರಾಗಲಿದ್ದಾರೆ ಎಂದರು. ಆ ದೃಶ್ಯವನ್ನು ಎಲ್ಲರೂ ಸೋತವನ ಘನತೆಗೆ ಮಾದರಿಯಾಗಿ ತೋರಿಸುತ್ತಾರೆ, ಅದು ಸರಿಯೇ. ಗೆದ್ದ ರಾತ್ರಿ ತನ್ನ ಗುಂಪಿನ ಗೇಲಿಯನ್ನು ಕೈಯೆತ್ತಿ ತಡೆದ ಸಾಮಾನ್ಯ ಮತದಾರನ ದೃಶ್ಯವೂ ನಮ್ಮ ಮನೆಗಳಲ್ಲಿ ಕಾಣಬೇಕು ಎಂಬುದು ನನ್ನ ಆಸೆ. ಗುಂಪಿನಲ್ಲಿ ಆ ಚಿತ್ರಗಳು ಬಂದಾಗ ಗೆದ್ದ ಕಡೆಯವರೇ ಒಬ್ಬರು 'ಇದು ಬೇಡ, ತೆಗೆಯಿರಿ' ಎಂದು ಬರೆದರೆ ಸಾಕು. ಅದೇ ಮಾತನ್ನು ಸೋತವರು ಹೇಳಿದರೆ ಅಸೂಯೆ ಎನಿಸುತ್ತದೆ. ಗೆದ್ದವರು ಹೇಳಿದರೆ ಎಲ್ಲರೂ ಕೇಳುತ್ತಾರೆ.

ಇನ್ನು ಈ ಸಲ ಗೆದ್ದ ಕಡೆಗೆ ಮತ ಹಾಕಿದ ನನ್ನ ಗೆಳೆಯ ಗೆಳತಿಯರಲ್ಲಿ ಒಂದು ನೇರ ಬೇಡಿಕೆ. ನಿಮಗೆ ಹತ್ತಿರದವರಲ್ಲಿ, ಸೋತ ಕಡೆಗೆ ಮತ ಹಾಕಿದ ಒಬ್ಬರನ್ನು ಈ ವಾರ ಮಾತನಾಡಿಸಿ. ಸಮಾಧಾನ ಹೇಳಬೇಡಿ, ವಾದ ಮಾಡಬೇಡಿ, ನಿಮ್ಮ ಪಕ್ಷದ ಪ್ರಣಾಳಿಕೆಯನ್ನು ಒಪ್ಪಿಸಬೇಡಿ. ಈ ಸರ್ಕಾರದಿಂದ ನಿಮಗೆ ಯಾವುದರ ಭಯ ಎಂದು ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ವರ್ಷ ಕಳೆದ ಮೇಲೆ ಆ ಹಾಳೆಯನ್ನು ತೆಗೆದು ನೋಡಿ. ಅದರಲ್ಲಿರುವುದು ಯಾವುದೂ ನಡೆಯದಿದ್ದರೆ ಅವರೊಡನೆ ಕುಳಿತು ಆ ಸಂತೋಷವನ್ನು ಹಂಚಿಕೊಳ್ಳಿ. ಅದರಲ್ಲಿ ಒಂದಾದರೂ ನಿಜವಾಗಿದ್ದರೆ, ನೀವು ಆರಿಸಿ ಕಳಿಸಿದ ಪ್ರತಿನಿಧಿಗೆ ಮೊದಲ ಪತ್ರ ನಿಮ್ಮ ಹೆಸರಿನಲ್ಲೇ ಹೋಗಲಿ. ವಿರೋಧಿಗಳ ನೂರು ಪತ್ರಗಳನ್ನು ಅವರು ಬದಿಗಿಡಬಹುದು, ತಮಗೆ ಮತ ಹಾಕಿದವರ ಪತ್ರವನ್ನು ಅಷ್ಟು ಸುಲಭವಾಗಿ ಬದಿಗಿಡಲಾರರು.